ಸ್ಪೇನಿನ ನೋಟರಿಯೂ ಮನೆ ಕೊಳ್ಳುವ ಪರದೇಶಿಯೂ

ನೋಟರಿ ಎಂಬ ಶಬ್ದ ಕೇಳಿದೊಡನೆ ತಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು? ಕಚೇರಿಯ ಬಳಿ ಮೇಜು ಹಾಕಿಕೊಂಡು, ಪ್ರಮಾಣಪತ್ರಕ್ಕೆ ಮೊಹರು ಒತ್ತಿ ರುಜು ಮಾಡಿಕೊಡುವ ವಕೀಲರದಲ್ಲವೆ? ನಮ್ಮ 1952ರ ನೋಟರಿ ಕಾಯಿದೆಯ ಚಿತ್ರ ಅದು. ಸ್ಪೇನ್ ದೇಶದಲ್ಲಿ ಅದೇ ಹೆಸರಿನವನು ಬೇರೆಯೇ ವ್ಯಕ್ತಿ. ಕಠಿನ ಪರೀಕ್ಷೆ ದಾಟಿ ಸರ್ಕಾರದಿಂದ ನೇಮಕಗೊಂಡ ಅಧಿಕಾರಿ. ಅಲ್ಲಿ ಮನೆ ಕೊಳ್ಳುವ ಪರದೇಶಿಗೆ ಇಂಥ ನೋಟರಿ ಇರುವಾಗ ವಕೀಲನೂ ಬೇಕೆ? ನಮ್ಮ ಮಕ್ಕಳು ಯೂರೋಪಿನಲ್ಲಿ ನೆಲೆಸುತ್ತಿರುವ ಈ ಕಾಲದಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಉತ್ತರಕ್ಕೆ ಇತಿಹಾಸವನ್ನು ತುಸು ಕೆದಕಬೇಕು. ಲ್ಯಾಟಿನ್ನಿನಲ್ಲಿ 'ನೋಟಾ' ಎಂದರೆ ಗುರುತು. ಗುರುತುಗಳಿಂದ ಬೇಗಬೇಗ ಬರೆದುಕೊಳ್ಳುವ ಲಿಪಿಕಾರನೇ ರೋಮನ್ನರ ನೊಟೇರಿಯಸ್. ನಮ್ಮ ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರು ಬರುತ್ತದಲ್ಲ, ಆ ಜಾತಿಯ ಕಸುಬು. 13ನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾ ನಗರದ ರೊಲಾಂಡೀನೋ ಎಂಬಾತನು ಈ ವಿದ್ಯೆಗೆ ಲಕ್ಷಣಗ್ರಂಥವನ್ನೇ ರಚಿಸಿದನು. ಅದೇ ಶತಮಾನದಲ್ಲಿ ಕಾಸ್ತೀಲಿನ ದೊರೆ 10ನೆಯ ಅಲ್ಫೋನ್ಸೋ ತನ್ನ ನ್ಯಾಯಸಂಹಿತೆಯಲ್ಲಿ ಪತ್ರಲೇಖಕರಿಗೆ ನಿಯಮಗಳನ್ನು ವಿಧಿಸಿದನು. ಮುಂದೆ ಖಜಾನೆ ಬರಿದಾದಾಗ ದೊರೆಗಳು ಆ ಹುದ್ದೆಗಳನ್ನು ಮಾರಿಕೊಂಡದ್ದೂ ಉಂಟು! ಆ ಪದ್ಧತಿಗೆ ಕೊನೆ ಹಾಡಿ, ಈಗಿನ ನೋಟರಿಯನ್ನು ರೂಪಿಸಿದ್ದು 1862ರ ಕಾಯಿದೆ. ಅದಕ್ಕೆ ಒಂದು ವರ್ಷ ಮೊದಲು, 1861ರಲ್ಲಿ, ಆಸ್ತಿ ನೋಂದಣಿಯ ಕಾಯಿದೆ ಬಂದಿತ್ತು.

ಈ ನೋಟರಿ ಕ್ರಯಪತ್ರವನ್ನು ಸಿದ್ಧಪಡಿಸುತ್ತಾನೆ; ಉಭಯರ ಗುರುತನ್ನೂ ಅರ್ಹತೆಯನ್ನೂ ನೋಡುತ್ತಾನೆ; ಮಾರುವವನೇ ಒಡೆಯನೆ, ಆಸ್ತಿಯ ಮೇಲೆ ಅಡಮಾನವಿದೆಯೆ ಎಂದು ನೋಂದಣಿ ಕಚೇರಿಯಿಂದ ತಿಳಿದುಕೊಳ್ಳುತ್ತಾನೆ; ಪತ್ರವನ್ನು ಓದಿ ಹೇಳುತ್ತಾನೆ. ಆದರೆ ಅವನು ಕೊಳ್ಳುವವನ ಪಕ್ಷದವನಲ್ಲ, ಮಾರುವವನ ಪಕ್ಷದವನೂ ಅಲ್ಲ. ಆ ನಿಷ್ಪಕ್ಷಪಾತವೇ ಅವನ ಹುದ್ದೆಯ ಮರ್ಯಾದೆ. ಇಂಗ್ಲೆಂಡಿನವರು ಎಡವುವುದು ಇಲ್ಲಿಯೇ. ಅವರ ನಾಡಿನಲ್ಲಿ ಮನೆ ಕೊಳ್ಳುವವನಿಗೆ ತನ್ನದೇ ಆದ ಸಾಲಿಸಿಟರ್ ಇರುತ್ತಾನೆ. ಸ್ಪೇನಿನ ನೋಟರಿಯನ್ನೂ ಅಂಥವನೆಂದೇ ಅವರು ಭಾವಿಸಿಬಿಡುತ್ತಾರೆ.

ಇನ್ನೊಂದು ತೊಡಕು ಕಾಲಕ್ಕೆ ಸಂಬಂಧಿಸಿದ್ದು. ನೋಟರಿಯ ಮುಂದೆ ಕುಳಿತುಕೊಳ್ಳುವುದು ವ್ಯವಹಾರದ ಕಟ್ಟಕಡೆಯಲ್ಲಿ. ಅದಕ್ಕೆ ಎಷ್ಟೋ ಮೊದಲೇ ಖಾಸಗಿ ಕರಾರಾಗಿ, ಸಾಮಾನ್ಯವಾಗಿ ಬೆಲೆಯ ನೂರಕ್ಕೆ 10ರಷ್ಟು ಹಣ ಕೈಬಿಟ್ಟಿರುತ್ತದೆ. ಇದನ್ನು ಅವರು 'ಅರ್ರಾಸ್' ಎನ್ನುತ್ತಾರೆ. ನಮ್ಮ ಹಳೆಯ ಮಾತಿನಲ್ಲಿ ಸಂಚಕಾರ. ಸಂಸ್ಕೃತದ ಸತ್ಯಂಕಾರದ ತದ್ಭವ. (ಮುಂಗಡ ಹಣಕ್ಕಿದ್ದ ಈ ಹೆಸರು ಈಗ ಕುತ್ತು ಎಂಬ ಅರ್ಥಕ್ಕೆ ಹೊರಳಿದ್ದು ಸುಮ್ಮನೆ ಅಲ್ಲವೇನೋ.) 1889ರ ಅವರ ಸಿವಿಲ್ ಸಂಹಿತೆಯಂತೆ, ಸಂಚಕಾರದ ಕರಾರಿನಿಂದ ಕೊಳ್ಳುವವನು ಹಿಂಜರಿದರೆ ಆ ಹಣ ಹೋಯಿತು, ಮಾರುವವನು ಹಿಂಜರಿದರೆ ಇಮ್ಮಡಿ ಕೊಡಬೇಕು. ಹೀಗಿರಲು, ಕರಾರಿನ ಒಕ್ಕಣೆಯನ್ನು ಓದಿ ನೋಡುವವರಾರು? ಕೊಳ್ಳುವವನ ವಕೀಲನೇ.

ನೆಲದ ವಿಷಯ ಇನ್ನೂ ಗಂಭೀರ. ಅಲ್ಮೇರಿಯಾ ಪ್ರಾಂತದ ವೇರಾದಲ್ಲಿ 2008ರ ಜನವರಿಯಲ್ಲಿ ಇಂಗ್ಲೆಂಡಿನ ವೃದ್ಧ ದಂಪತಿಗಳ ಮನೆಯನ್ನು ಕೆಡವಿ ಹಾಕಿದರು. ಪುರಸಭೆ ಪರವಾನಗಿ ಕೊಟ್ಟಿತ್ತು. ಆ ಪರವಾನಗಿಯೇ ಆಮೇಲೆ ರದ್ದಾಯಿತು. ಇಂಥ ದೂರುಗಳು ಬೆಳೆದು 2009ರ ಮಾರ್ಚಿನಲ್ಲಿ ಯೂರೋಪಿಯನ್ ಪಾರ್ಲಿಮೆಂಟು ಸ್ಪೇನಿನ ಕಟ್ಟಡದ ಹಾವಳಿಯ ಮೇಲೆ ನಿರ್ಣಯ ಮಾಡಬೇಕಾಯಿತು. ಒಡೆತನದ ದಾಖಲೆ ಶುದ್ಧವಾಗಿದ್ದೂ ಕಟ್ಟಡ ಅಕ್ರಮವಾಗಿರಬಹುದು. ನಗರ ಯೋಜನೆಯ ಕಡತಗಳನ್ನು ಪುರಸಭೆಯಲ್ಲಿ ಹುಡುಕಿ ಓದಿಸುವುದು ಕೊಳ್ಳುವವನ ಹೊಣೆ.

ವಕೀಲನನ್ನು ಇಟ್ಟುಕೊಳ್ಳಲೇಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ. ನನ್ನನ್ನು ಕೇಳಿದರೆ, ಭಾಷೆಯೂ ಪದ್ಧತಿಯೂ ತಿಳಿಯದ ಪರದೇಶಿಗೆ ಬೇಕೇ ಬೇಕು. ಆದರೆ ದಲ್ಲಾಳಿಯೋ ಕಟ್ಟಡದವನೋ ಕರೆತಂದ ವಕೀಲ ಬೇಡ. ಅವನಿಗೆ ಅನ್ನ ಹುಟ್ಟುವುದು ಎದುರು ಪಕ್ಷದಿಂದ. ನೋಟರಿಯ ಶುಲ್ಕಕ್ಕೆ 1989ರ ರಾಜಾಜ್ಞೆಯ ದರಪಟ್ಟಿ ಇದೆ. ವಕೀಲನ ಸಂಭಾವನೆ ಮಾತುಕತೆಯ ಮೇಲೆ, ಸಾಮಾನ್ಯವಾಗಿ ಬೆಲೆಯ ನೂರಕ್ಕೆ 1ರ ಆಸುಪಾಸು. ಅದನ್ನು ಸಂಚಕಾರ ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.