ಇಂಡಿಯಾ ಆಡದೇ ಹೋದವರು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ವೈಟ್‌ಫೀಲ್ಡಿನ ಟ್ರಾಫಿಕ್ಕು, ರಾತ್ರಿ ಕಾಲ್‌ಗಳು, ಇವೆರಡರ ನಡುವೆ ಬರೆಯೋಕೆ ಪುರುಸೊತ್ತು ಎಲ್ಲಿ ಹೇಳಿ. ಆದರೆ ಈ ಸಲದ ವಿಷಯ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ.

ಮೊನ್ನೆ ಕಾಲ್ ಶುರುವಾಗೋಕೆ ಮುಂಚೆ ಅಮೆರಿಕದ ಸಹೋದ್ಯೋಗಿಯೊಬ್ಬ ತನ್ನ ತಾತನ ಕತೆ ಹೇಳಿದ. ತಾತ ಬೇಸ್‌ಬಾಲ್ ಆಟಗಾರನಂತೆ. ಔಟ್‌ಫೀಲ್ಡರ್. ಅಂದರೆ ನಮ್ಮ ಬೌಂಡರಿ ಗೆರೆ ಹತ್ತಿರ ನಿಲ್ಲುವವರ ಹಾಗೆ. ವರ್ಷಗಟ್ಟಲೆ ಮೈನರ್ ಲೀಗ್ ಎಂಬ ಕೆಳಗಿನ ಹಂತದಲ್ಲೇ ಆಡಿದರೂ ಮೇಲಿನಿಂದ ಕರೆ ಬರಲೇ ಇಲ್ಲ. "ನಿಮ್ಮ ಕ್ರಿಕೆಟ್ಟಿನಲ್ಲೂ ಇಂಥವರು ಇದ್ದಾರಾ?" ಅಂತ ಕೇಳಿದ. "ಇಂಥವರೇ ಜಾಸ್ತಿ" ಅಂದೆ. ಹೆಸರು ಹೇಳು ಅಂದಾಗ ನನ್ನ ಬಾಯಿಗೆ ಮೊದಲು ಬಂದದ್ದು ಬಿ. ವಿಜಯಕೃಷ್ಣ.

ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರೋ ಗೊತ್ತಿಲ್ಲ. ಎಡಗೈ ಸ್ಪಿನ್ನರ್, ಬ್ಯಾಟಿಂಗೂ ಎಡಗೈ. 1968-69ರಲ್ಲಿ ಆಡಲು ಶುರು ಮಾಡಿದಾಗ ತಂಡದ ಹೆಸರು ಇನ್ನೂ ಮೈಸೂರು. 1983-84ರಲ್ಲಿ ಮುಗಿಸುವಾಗ ಅದು ಕರ್ನಾಟಕ. 80 ಪ್ರಥಮ ದರ್ಜೆ ಪಂದ್ಯ, 194 ವಿಕೆಟ್, 2,297 ರನ್. ಟೆಸ್ಟ್ ಪಂದ್ಯ: ಸೊನ್ನೆ.

ನನಗೆ ಈ ಹೆಸರು ಗೊತ್ತಾಗಿದ್ದು ಅಪ್ಪನಿಂದ. ಅಪ್ಪ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಟರ್ನರ್. ಭಾನುವಾರ ಫ್ಯಾಕ್ಟರಿ ಟೀಮಿಗೆ ಎಡಗೈ ಸ್ಪಿನ್. "ಆರು ದಿನ ಕಬ್ಬಿಣ ಟರ್ನ್ ಮಾಡ್ತೀನಿ, ಏಳನೇ ದಿನ ಬಾಲು" ಅಂತ ಅವರೇ ತಮಾಷೆ ಮಾಡುತ್ತಿದ್ದರು. ಅವರ ಹೀರೋ ಬೇಡಿ ಅಲ್ಲ, ವಿಜಯಕೃಷ್ಣ. ನನಗೆ ಹತ್ತೋ ಹನ್ನೊಂದೋ ವರ್ಷ ಇರಬೇಕು, ಒಂದು ದಿನ ಕೇಳಿಬಿಟ್ಟೆ, "ಇಂಡಿಯಾನೇ ಆಡಿಲ್ವಲ್ಲಪ್ಪ, ಅವರೇನು ದೊಡ್ಡ ಬೌಲರ್ರು?"

ಅಪ್ಪ ಬೈಯಲಿಲ್ಲ. "ಸೀಮೆಎಣ್ಣೆ ಕ್ಯೂನಲ್ಲಿ ನಿಂತಿದೀಯ ತಾನೆ? ನಿನ್ನ ಸರದಿ ಬರೋ ಹೊತ್ತಿಗೆ ಡ್ರಮ್ಮು ಖಾಲಿಯಾದ್ರೆ ಅದು ನಿನ್ನ ತಪ್ಪಾ?" ಅಂದರು. ಆವತ್ತು ಅರ್ಥ ಆಗಲಿಲ್ಲ. ಈಗ ಆ ಕ್ಯೂನಲ್ಲಿ ಯಾರ್ಯಾರು ಇದ್ದರು ಅಂತ ಲೆಕ್ಕ ಹಾಕಿ ನೋಡಿದೆ.

ಮೊದಲು ಮನೆಯೊಳಗಿನ ಕ್ಯೂ. ಕರ್ನಾಟಕಕ್ಕೆ ಬೌಲ್ ಮಾಡುತ್ತಿದ್ದವರು ಪ್ರಸನ್ನ ಮತ್ತು ಚಂದ್ರಶೇಖರ್. ಒಬ್ಬರಿಗೆ ಟೆಸ್ಟಿನಲ್ಲಿ 189 ವಿಕೆಟ್, ಇನ್ನೊಬ್ಬರಿಗೆ 242. ಇಂಥ ಇಬ್ಬರು ಎರಡು ತುದಿಯಿಂದ ಬೌಲ್ ಮಾಡುವಾಗ ಮೂರನೆಯವನ ಕೈಗೆ ಚೆಂಡು ಬರೋದು ಯಾವಾಗ? ಎರಡೂ ಕಡೆ ವಿಕೆಟ್ ಬೀಳದೆ ಕ್ಯಾಪ್ಟನ್ ತಲೆ ಕೆರೆದುಕೊಂಡಾಗ! 194 ವಿಕೆಟ್ ಕಡಿಮೆ ಅನ್ನುವವರು ಇದನ್ನು ಮರೆಯಬಾರದು. ಹೋಗಲಿ, ತಂಡವೇನು ಸಾಮಾನ್ಯದ್ದಾ? 1974ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಮನೆಗೆ ಕಳಿಸಿದ ತಂಡ. ಆ ವರ್ಷ ಮೊದಲ ಟ್ರೋಫಿ, ಆಮೇಲೆ 1977-78, 1982-83. ವಿಜಯಕೃಷ್ಣ ಆಡಿದ ಕಾಲದಲ್ಲಿ ರಾಜ್ಯಕ್ಕೆ ಮೂರು ಬಾರಿ ರಣಜಿ ಬಂತು.

ಇನ್ನು ದೇಶದ ಕ್ಯೂ. ಎಡಗೈ ಸ್ಪಿನ್ನರ್‌ಗೆ ಇಂಡಿಯಾ ತಂಡದಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ 1966ರ ಕೊನೆಯಿಂದ 1979ರವರೆಗೆ ಬಿಷನ್ ಸಿಂಗ್ ಬೇಡಿ ಕೂತಿದ್ದರು. 67 ಟೆಸ್ಟ್, 266 ವಿಕೆಟ್. ಹೊಸಬರನ್ನು ಆಡಿಸಿ ನೋಡೋಣ ಅನ್ನುವಷ್ಟು ಪಂದ್ಯಗಳೂ ಆಗ ಇರಲಿಲ್ಲ. 1975ರ ಜನವರಿ ಮುಗಿದ ಮೇಲೆ ಸುಮಾರು ಒಂದು ವರ್ಷ ಭಾರತ ಅಧಿಕೃತ ಟೆಸ್ಟ್ ಒಂದನ್ನೂ ಆಡಲಿಲ್ಲ. ಈಗಿನ ಹಾಗೆ ಮೂರು ಬಗೆಯ ಕ್ರಿಕೆಟ್ಟಿಗೆ ಮೂರು ತಂಡ ಅನ್ನೋದು ಕನಸಿನಲ್ಲೂ ಇಲ್ಲ.

ಬೇಡಿ ಹಿಂದೆ ಹರಿಯಾಣದ ರಾಜಿಂದರ್ ಗೋಯಲ್ (ಪ್ರಥಮ ದರ್ಜೆಯಲ್ಲಿ 750 ವಿಕೆಟ್!), ಬಾಂಬೆಯ ಪದ್ಮಾಕರ್ ಶಿವಾಳ್ಕರ್ (589 ವಿಕೆಟ್). ಇಬ್ಬರೂ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಗೋಯಲ್‌ಗೆ ಒಂದು ಸಲ ಬಾಗಿಲು ತೆರೆದ ಹಾಗೆ ಆಯಿತು, ಅದೂ ನಮ್ಮೂರಿನಲ್ಲೇ. 1974ರ ನವೆಂಬರ್, ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್, ಎದುರಾಳಿ ವೆಸ್ಟ್ ಇಂಡೀಸ್. ಶಿಸ್ತಿನ ಹೆಸರಿನಲ್ಲಿ ಬೇಡಿಯನ್ನು ಹೊರಗಿಟ್ಟಿದ್ದರು, ಗೋಯಲ್ ತಂಡದಲ್ಲಿದ್ದರು. ಪಂದ್ಯದ ದಿನ ನೋಡಿದರೆ ಹನ್ನೊಂದರಲ್ಲಿ ಹೆಸರಿಲ್ಲ. ಕಣಕ್ಕಿಳಿದವರು ಪ್ರಸನ್ನ, ಚಂದ್ರ, ವೆಂಕಟರಾಘವನ್. ಗೋಯಲ್ ಸರದಿ ಮತ್ತೆ ಬರಲಿಲ್ಲ.

ಬೇಡಿ ಹೋದ ಮೇಲಾದರೂ? 1979ರಲ್ಲಿ ದಿಲೀಪ್ ದೋಷಿ ಬಂದರು, 1981ರಲ್ಲಿ ರವಿ ಶಾಸ್ತ್ರಿ, 1982ರಲ್ಲಿ ಮಣಿಂದರ್ ಸಿಂಗ್. ಅಷ್ಟರಲ್ಲಿ ಕರ್ನಾಟಕದಲ್ಲೇ ಇನ್ನೊಬ್ಬ ಎಡಗೈ ಸ್ಪಿನ್ನರ್ ಬೆಳೆದಿದ್ದರು, ರಘುರಾಮ್ ಭಟ್. 1982ರ ಸೆಮಿಫೈನಲ್‌ನಲ್ಲಿ ಬಾಂಬೆಯ ಒಂದೇ ಇನಿಂಗ್ಸಿನಲ್ಲಿ ಎಂಟು ವಿಕೆಟ್ ಕಿತ್ತರು. ಅವರ ಸ್ಪಿನ್ನಿಗೆ ಹೆದರಿ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಹಿಡಿದದ್ದು ಇದೇ ಪಂದ್ಯದಲ್ಲಿ. ಭಟ್‌ಗೆ 1983ರಲ್ಲಿ ಎರಡು ಟೆಸ್ಟ್ ಸಿಕ್ಕಿತು. ಆಗ ವಿಜಯಕೃಷ್ಣ ಅವರಿಗೆ 34. ಡ್ರಮ್ಮು ಖಾಲಿ.

ಇನ್ನೊಂದು ವಿಷಯ ನನ್ನನ್ನು ಕಾಡಿತು. ಗೋಯಲ್ ಮತ್ತು ಶಿವಾಳ್ಕರ್ ಅವರನ್ನು ಕೊನೆಗೆ 'ಪಾಪ, ಅನ್ಯಾಯ ಆಯ್ತು' ಅಂತಲಾದರೂ ದೇಶ ನೆನೆಸಿಕೊಂಡಿತು. 2017ರಲ್ಲಿ ಕ್ರಿಕೆಟ್ ಮಂಡಳಿಯ ಸಿ.ಕೆ. ನಾಯುಡು ಪ್ರಶಸ್ತಿಯೂ ಬಂತು. ವಿಜಯಕೃಷ್ಣ ಅವರ ಹೆಸರು ಆ ಪಟ್ಟಿಯಲ್ಲೂ ಬರೋದಿಲ್ಲ. ದುರದೃಷ್ಟವಂತರಲ್ಲೂ ಒಂದು ಕ್ಯೂ ಇದೆ ನೋಡಿ!

ಕೆಲವರು ಬೇರೆ ಬಾಗಿಲಿನಿಂದ ಒಳಗೆ ಬಂದರು. ಅದೇ ಕಾಲದಲ್ಲಿ ಕರ್ನಾಟಕಕ್ಕೆ ಆಡಿದ ಎ.ವಿ. ಜಯಪ್ರಕಾಶ್ ಅವರೂ ಇಂಡಿಯಾ ಆಡಲಿಲ್ಲ. ಅಂಪೈರ್ ಆದರು, 13 ಟೆಸ್ಟ್‌ಗಳಲ್ಲಿ ನಿಂತರು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ, ಆ ತುದಿಯಲ್ಲಿ ಬೆರಳೆತ್ತಲು ನಿಂತಿದ್ದವರು ಇದೇ ಜಯಪ್ರಕಾಶ್. ಆ ದೃಶ್ಯ ನಾವು ಎಷ್ಟು ಸಲ ನೋಡಿದ್ದೇವೆ! ಪಕ್ಕದಲ್ಲಿದ್ದವರನ್ನು ಎಷ್ಟು ಜನ ಗಮನಿಸಿದ್ದೇವೆ?

ವಿಜಯಕೃಷ್ಣ 2021ರ ಜೂನ್ 17ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 71 ವರ್ಷ. ಮರುವರ್ಷ ಜೂನ್‌ನಲ್ಲಿ ಮಂಡಳಿ ಹಳೆಯ ಪ್ರಥಮ ದರ್ಜೆ ಆಟಗಾರರ ತಿಂಗಳ ಪಿಂಚಣಿಯನ್ನು ಏರಿಸಿತು. ಒಂದು ವರ್ಷ ತಡ. ಅವರ ಸಾವಿನ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದ್ದು ನಾನೇ. ಸುಮ್ಮನೆ ಕೇಳಿಸಿಕೊಂಡು, ಎಡಗೈ ಬೆರಳುಗಳನ್ನು ಚೆಂಡು ಹಿಡಿದ ಹಾಗೆ ಮಡಚಿ ಬಿಚ್ಚಿದರು. ಅಷ್ಟೇ.

ಆ ಕಾಲ್ ಆದ ವಾರವೇ ಅಪ್ಪನನ್ನು ಆಲೂರಿಗೆ ಕರೆದುಕೊಂಡು ಹೋದೆ. ಪೀಣ್ಯ ದಾಟಿ, ಮಾದಾವರದವರೆಗೆ ಮೆಟ್ರೋ, ಅಲ್ಲಿಂದ ಆಟೋ. ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳು ಅಲ್ಲಿವೆ. ಯಾವುದೋ ಲೀಗ್ ಪಂದ್ಯ. ನೋಡುತ್ತಿದ್ದವರು ನಾವಿಬ್ಬರು, ಆಟಗಾರರ ಮನೆಯವರು ಒಂದಷ್ಟು ಜನ, ಒಂದು ನಾಯಿ. ಬೌಂಡರಿ ಗೆರೆಯಲ್ಲಿ ನಿಂತಿದ್ದ ಹುಡುಗ ನಾಲ್ಕು ಹೋಗೋದು ಖಚಿತ ಅನ್ನಿಸಿದ ಚೆಂಡಿನ ಹಿಂದೆ ಓಡಿ, ಬಿದ್ದು, ತಡೆದ. ಉಳಿದದ್ದು ಒಂದು ರನ್. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪ ಮಾತ್ರ ತಟ್ಟಿದರು, ಜೋರಾಗಿ. ಹುಡುಗ ತಿರುಗಿ ನೋಡಿದ.

"ಇವನು ಇಂಡಿಯಾ ಆಡ್ತಾನಾ ಅಪ್ಪ?" ಅಂತ ಬೇಕಂತಲೇ ಕೇಳಿದೆ.

"ಆಡ್ದೇ ಇದ್ರೆ ಆ ಒಂದು ರನ್ನು ಉಳೀಲಿಲ್ಲ ಅಂತ ಆಗುತ್ತೇನೋ?" ಅಂದರು.

ಸಹೋದ್ಯೋಗಿಗೆ ಇದನ್ನು ಹೇಗೆ ಹೇಳಬೇಕೋ ಇನ್ನೂ ಗೊತ್ತಾಗಿಲ್ಲ. ನಿಮ್ಮೂರಲ್ಲೂ ಇಂಡಿಯಾ ಆಡದ ಒಬ್ಬ ದೊಡ್ಡ ಆಟಗಾರ ಇದ್ದೇ ಇರುತ್ತಾರೆ. ನೆನಪಿದ್ದರೆ ಬರೆಯಿರಿ. ನಾವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?