ಮಲೆನಾಡಿನ ಅರಣ್ಯಗಳಲ್ಲಿ ಸಣ್ಣ ಸಸ್ತನಿಗಳ ವೈಜ್ಞಾನಿಕ ಸಂಗ್ರಹಣೆ

ಪೀಠಿಕೆ:
ಪಶ್ಚಿಮ ಘಟ್ಟಗಳ ಅರಣ್ಯಗಳಲ್ಲಿ ಇಲಿ, ಸೊಂಡಿಲಿ, ಬಾವಲಿ ಮುಂತಾದ ಅನೇಕ ಸಣ್ಣ ಸಸ್ತನಿಗಳು ವಾಸಿಸುತ್ತವೆ. ಇವು ಬಹುತೇಕ ನಿಶಾಚರಿಗಳು. ಹಲವು ಪ್ರಭೇದಗಳು ಹೊರನೋಟಕ್ಕೆ ಒಂದೇ ರೀತಿ ಕಾಣುವುದರಿಂದ, ಹಲ್ಲು ಮತ್ತು ತಲೆಬುರುಡೆಯ ರಚನೆ ಅಥವಾ ಡಿ.ಎನ್.ಎ. ಪರೀಕ್ಷೆಯ ಮೂಲಕವೇ ಅವುಗಳನ್ನು ಖಚಿತವಾಗಿ ಗುರುತಿಸಬೇಕಾಗುತ್ತದೆ. ಈ ಕಾರಣಕ್ಕಾಗಿ ಮಾದರಿಗಳ ಸಂಗ್ರಹಣೆ ಅಗತ್ಯವಾಗಿರುತ್ತದೆ.

ಹಿನ್ನೆಲೆ:
ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಸಸ್ತನಿ ಸಮೀಕ್ಷೆಯನ್ನು ಆರಂಭಿಸಿತು. ಇದರ ಅಂಗವಾಗಿ ಕೊಡಗಿನ ಅರಣ್ಯಗಳಲ್ಲಿಯೂ ಮಾದರಿಗಳನ್ನು ಸಂಗ್ರಹಿಸಲಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆಯು ಪತ್ತೆಯಾಯಿತು. ತದನಂತರ ನಡೆದ ಅಧ್ಯಯನಗಳಲ್ಲಿ, ಕಾಡಿನ ಇಲಿ ಹಾಗೂ ಸೊಂಡಿಲಿಗಳಲ್ಲಿಯೂ ಈ ರೋಗದ ವೈರಾಣು ಕಂಡುಬಂದಿತು.

ವಿಧಾನ:
ಮಡಚಬಹುದಾದ ಅಲ್ಯೂಮಿನಿಯಂ ಬೋನುಗಳಲ್ಲಿ ಕೊಬ್ಬರಿ, ಕಡಲೆಕಾಯಿ ಮೊದಲಾದ ಆಹಾರವಿರಿಸಿ, ಸಂಜೆ ಇಟ್ಟು ಬೆಳಗಿನ ಜಾವ ಪರಿಶೀಲಿಸಲಾಗುತ್ತದೆ. ಸೊಂಡಿಲಿಗಳು ಆಹಾರವಿಲ್ಲದೆ ಕೆಲವೇ ಗಂಟೆಗಳಲ್ಲಿ ಸಾಯುವ ಸಂಭವವಿರುವುದರಿಂದ ಬೋನುಗಳನ್ನು ರಾತ್ರಿಯಲ್ಲಿಯೂ ಪರಿಶೀಲಿಸುವುದು ಅವಶ್ಯಕ. ಪ್ರತಿ ಮಾದರಿಗೆ ಸ್ಥಳ, ದಿನಾಂಕ, ಎತ್ತರ, ಲಿಂಗ ಮತ್ತು ಅಳತೆಗಳನ್ನು ನಮೂದಿಸಿದ ಚೀಟಿ ಇರತಕ್ಕದ್ದು. ಚೀಟಿಯಿಲ್ಲದ ಮಾದರಿಯಿಂದ ಪ್ರಾಣಿಯ ಜೀವಹಾನಿಯಾಗುವುದೇ ಹೊರತು ಅಧ್ಯಯನಕ್ಕೆ ಹೆಚ್ಚಿನ ಪ್ರಯೋಜನವಿರುವುದಿಲ್ಲ.

ಅನುಮತಿ:
1. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ವನ್ಯಪ್ರಾಣಿಗಳನ್ನು ಹಿಡಿಯುವುದೂ ಬೇಟೆಯೆಂದು ಪರಿಗಣಿಸಲ್ಪಡುತ್ತದೆ.
2. ವೈಜ್ಞಾನಿಕ ಸಂಶೋಧನೆಗಾಗಿ ಪ್ರಕರಣ 12ರಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದು. ಅನುಸೂಚಿ 1ರ ಪ್ರಾಣಿಗಳಿಗೆ ಕೇಂದ್ರ ಸರ್ಕಾರದ, ಇತರೆ ವನ್ಯಪ್ರಾಣಿಗಳಿಗೆ ರಾಜ್ಯ ಸರ್ಕಾರದ ಪೂರ್ವಾನುಮತಿ ಅವಶ್ಯಕ.
3. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.
4. ಇಲಿಗಳನ್ನು ಪೀಡಕ ಪ್ರಾಣಿಗಳೆಂದು ನಮೂದಿಸಿದ್ದ ಹಿಂದಿನ ಅನುಸೂಚಿ 5, 2022ರ ತಿದ್ದುಪಡಿಯ ಮೇರೆಗೆ ದಿನಾಂಕ 1-4-2023ರಿಂದ ರದ್ದಾಗಿದೆ. ಆದ್ದರಿಂದ ಅರ್ಜಿದಾರರು ಹಳೆಯ ಪಟ್ಟಿಗಳನ್ನು ಅವಲಂಬಿಸದೆ, ಪ್ರತಿ ಪ್ರಭೇದವನ್ನೂ ಪ್ರಸಕ್ತ ಅನುಸೂಚಿಗಳಲ್ಲಿ ಪರಿಶೀಲಿಸುವುದು.
5. ವಿದೇಶಿ ಪ್ರಜೆಗಳು ಸಂಶೋಧನೆಗಾಗಿ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮೋದನೆಯನ್ನೂ ಪಡೆಯಬೇಕು.

ಮುನ್ನೆಚ್ಚರಿಕೆ:
ಮಂಗನ ಕಾಯಿಲೆಯು ಮುಖ್ಯವಾಗಿ ಉಣ್ಣೆಗಳ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. ಸಂಶೋಧಕರು ಮಾತ್ರವಲ್ಲದೆ, ಅವರೊಂದಿಗೆ ತೆರಳುವ ಕಾವಲುಗಾರರು ಮತ್ತು ದಿನಗೂಲಿ ನೌಕರರೂ ಕೈಗವಸು ಹಾಗೂ ಮೈ ಪೂರ್ಣ ಮುಚ್ಚುವ ಉಡುಪು ಧರಿಸತಕ್ಕದ್ದು. ಅರಣ್ಯದಿಂದ ಹಿಂದಿರುಗಿದ ನಂತರ ಜ್ವರ ಕಾಣಿಸಿದಲ್ಲಿ ವಿಳಂಬ ಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ, ಅರಣ್ಯಕ್ಕೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಸಾರ್ವಜನಿಕರ ಗಮನಕ್ಕೆ:
ಅರಣ್ಯದಲ್ಲಿ ಬೋನುಗಳು ಕಂಡುಬಂದಲ್ಲಿ ಅವುಗಳನ್ನು ಮುಟ್ಟದೆ, ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ ಸಹಕರಿಸಬೇಕಾಗಿ ಕೋರಲಾಗಿದೆ.