ಗೋವಾದ ನೆರೆ ನಕ್ಷೆಗಳು

ಮಾಂಡವಿ, ಜುವಾರಿ ಅಳಿವೆಗಳ ದಂಡೆಯಲ್ಲಿ ಸಮುದ್ರದ ಉಬ್ಬರಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಗೆ ಗೋವಾದಲ್ಲಿ ಖಜಾನ್ ಎನ್ನುತ್ತಾರೆ. ಕುಮಟಾ ಕಡೆಯ ಗಜನಿಯೂ ಇದೇ ಬಗೆಯ ನೆಲ. ಕೊಂಕಣದ ಮೌರ್ಯರ ತಾಮ್ರಶಾಸನದಲ್ಲೇ ‘ಖಜ್ಜನ’ ಎಂಬ ಮಾತು ಬರುತ್ತದೆ. ಉಪ್ಪುನೀರನ್ನು ತಡೆಯುವುದು ಮಣ್ಣಿನ ಒಡ್ಡು. ಒಡ್ಡಿನ ಬಾಯಲ್ಲಿ ‘ಮಾನಸ್’ ಎಂಬ ತೂಬು. ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಅದರ ಮರದ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆಯ ಮಳೆನೀರು ಅದನ್ನು ತಳ್ಳಿಕೊಂಡು ಹೊಳೆ ಸೇರುತ್ತದೆ. ಒಡ್ಡುಗಳ ಉಸ್ತುವಾರಿ ಹಿಂದೆ ಗಾಂವಕಾರರದು, ಪೋರ್ಚುಗೀಸರ ಕಾಲದಲ್ಲಿ ಕೊಮುನಿದಾದ್ ಎನಿಸಿಕೊಂಡ ಗ್ರಾಮಸಂಸ್ಥೆಯದಾಗಿತ್ತು. ಎಲ್ಲಿ ನೀರು ನುಗ್ಗುತ್ತದೆಂಬುದು ಅವರಿಗೆ ಬಾಯಿಪಾಠವಾಗಿತ್ತು.

ಆ ತಿಳಿವಳಿಕೆ ಡಿಜಿಟಲ್ ನಕ್ಷೆಗೆ ಸುಲಭವಾಗಿ ದಕ್ಕಲಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಭೂಮಿಯ ಏರುತಗ್ಗುಗಳನ್ನು ಅಳೆಯಿತು. ಆ ದತ್ತಾಂಶದಲ್ಲಿ ನೆಲ 30 ಮೀಟರಿನ ಚೌಕಗಳಾಗಿ ಒಡೆದಿರುತ್ತದೆ. ಕೆಲವೇ ಮೀಟರ್ ಅಗಲದ ಒಡ್ಡು ಅದರಲ್ಲಿ ಕರಗಿಹೋಗುತ್ತದೆ. ಕಾಂಡ್ಲಾ ಗಿಡಗಳ ನೆತ್ತಿಯೇ ನೆಲವೆಂದು ದಾಖಲಾಗುತ್ತದೆ. ಎತ್ತರದಲ್ಲಿ ಕೆಲವು ಮೀಟರ್ ತಪ್ಪು ಬೆಟ್ಟಕ್ಕೆ ಏನೂ ಅಲ್ಲ. ಉಬ್ಬರ–ಇಳಿತದ ಅಂತರವೇ ಎರಡು ಮೀಟರ್ ಆಸುಪಾಸು ಇರುವ ಗೋವಾದಲ್ಲಿ ಅಷ್ಟು ತಪ್ಪಿಗೆ ಇಡೀ ಬಯಲೇ ಮುಳುಗಬಹುದು, ಇಲ್ಲವೇ ತೇಲಬಹುದು. 2005ರಲ್ಲಿ ಹಾರಿದ ಇಸ್ರೋದ ಕಾರ್ಟೊಸ್ಯಾಟ್-1 ಜೋಡಿ ಚಿತ್ರಗಳಿಂದ ಎತ್ತರ ಲೆಕ್ಕಹಾಕುವ ದಾರಿ ತೆರೆಯಿತು. ಮಳೆಗಾಲದ ಮೋಡ ಮಾತ್ರ ಅಂಥ ಕ್ಯಾಮೆರಾಗಳಿಗೆ ಅಡ್ಡಿ; ಮೋಡದಾಚೆಗೂ ನೀರನ್ನು ಗುರುತಿಸಬಲ್ಲ ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ಬಂದದ್ದು 2014ರಲ್ಲಿ.

2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಖಜಾನ್ ನೆಲವನ್ನು ನಕ್ಷೆಗೆ ಏರಿಸಬೇಕೆಂದು ಹೇಳಿತು. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಗೋವಾದ ಕರಾವಳಿ ನಿರ್ವಹಣಾ ಯೋಜನೆ ಸಿದ್ಧಪಡಿಸಿತು. ಅದರ ಕರಡು 2021ರ ಜುಲೈನಲ್ಲಿ ಸಾರ್ವಜನಿಕ ವಿಚಾರಣೆಗೆ ಬಂದಾಗ, ತಮ್ಮೂರಿನ ಒಡ್ಡು, ತೂಬುಗಳೇ ಇದರಲ್ಲಿಲ್ಲವೆಂದು ಹಳ್ಳಿಗರು ತಕರಾರು ತೆಗೆದರು. ಅದು ನ್ಯಾಯವಾದ ತಕರಾರು: ಒಡ್ಡು ಕಾಣದ ನಕ್ಷೆ ಖಜಾನಿನ ಅಪಾಯವನ್ನು ಅಳೆಯಲಾರದು. ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ.

ವಿಚಾರಣೆ ನಡೆದ ಅದೇ 2021ರ ಜುಲೈ ತಿಂಗಳ 23ರಂದು ದೊಡ್ಡ ನೆರೆ ಬಂತು. 1982ರ ಬಳಿಕ ಇಂಥದ್ದು ಕಂಡಿಲ್ಲವೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹೇಳಿದರು. ಹೆಚ್ಚು ನಲುಗಿದ್ದು ಕಡಲಂಚಲ್ಲ, ಒಳನಾಡಿನ ಸತ್ತರಿ. ಅಲ್ಲಿ ಹರಿಯುವ ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ; ಆ ಕಾಡಿನ ಮಳೆಯೇ ಇಳಿಯುತ್ತ ಮಾಂಡವಿಯಾಗಿ ಉಬ್ಬರಕ್ಕೆ ಎದುರಾಗುತ್ತದೆ. ಕಡಲ ನೀರು ಎಲ್ಲಿಯವರೆಗೆ ನುಗ್ಗಬಹುದೆಂದು ತೋರುವ ಅಪಾಯ ರೇಖೆಯನ್ನೂ ಘಟ್ಟದ ಮಳೆಮಾಪಕಗಳ ಅಳತೆಯನ್ನೂ ಒಂದೇ ಲೆಕ್ಕಕ್ಕೆ ತರಬೇಕಾದುದು ಇದರಿಂದಲೇ.